ಬಾಟಲ್‌ನೆಕ್ ಹಿಡಿದವರಿಗೆ ಕೆಲಸ ಸಲೀಸು

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹೋಗುವ ಮೆಟ್ರೊ ಹಳದಿ ಮಾರ್ಗದ ಕತೆ ಗೊತ್ತಲ್ಲ? 19 ಕಿಲೋಮೀಟರಿಗೆ ಚೂರು ಮೇಲೆ ದಾರಿ, 16 ನಿಲ್ದಾಣ. ಕಂಬ ನಿಂತು, ಹಳಿ ಬಿದ್ದು, ನಿಲ್ದಾಣಗಳಿಗೆ ಬಣ್ಣ ಹೊಡೆದು ತಿಂಗಳುಗಟ್ಟಲೆ ಆದರೂ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಕೆಳಗೆ ಹೊಸೂರು ರಸ್ತೆಯಲ್ಲೇ ಹಾರ್ನ್ ಒತ್ತಿಕೊಂಡು ಕೂತಿದ್ದರು. ಓಡಿಸಲು ರೈಲು ಬಂದಿರಲಿಲ್ಲ. ಕೊನೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗಲೂ ಕೈಯಲ್ಲಿದ್ದದ್ದು ಮೂರೇ ರೈಲು. 25 ನಿಮಿಷಕ್ಕೊಂದರಂತೆ ಬಿಟ್ಟರು. ಅದಕ್ಕೆ ಮೊದಲು ನಿಲ್ದಾಣಕ್ಕೊಂದೊಂದು ಎಸ್ಕಲೇಟರ್ ಹೆಚ್ಚಿಗೆ ಹಾಕಿದ್ದರೂ, ಟಿಕೆಟ್ ಗೇಟುಗಳನ್ನು ಎರಡು ಪಟ್ಟು ಮಾಡಿದ್ದರೂ ಒಬ್ಬನೇ ಒಬ್ಬ ಪ್ರಯಾಣಿಕ ಬೇಗ ಮನೆ ಮುಟ್ಟುತ್ತಿರಲಿಲ್ಲ.

ಇಂಥ ಜಾಗದ ಹೆಸರು ಬಾಟಲ್‌ನೆಕ್. 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನವರು ಇಕ್ಕಟ್ಟಾದ ರಸ್ತೆಯನ್ನು ಹೀಗೆ ಕರೆಯತೊಡಗಿದರು. ಆಮೇಲೆ ಕಾರ್ಖಾನೆಯವರು ಎತ್ತಿಕೊಂಡರು, ಕಂಪ್ಯೂಟರಿನವರು ಎತ್ತಿಕೊಂಡರು. ಈಗ ಟ್ರಾಫಿಕ್ ಪೊಲೀಸರಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಯ ಬೆಳಗಿನ ಮೀಟಿಂಗಿನವರೆಗೆ ಎಲ್ಲರ ಬಾಯಲ್ಲೂ ಅದೇ. ಮಾತು ಹಳೆಯದಾಯಿತು, ಆದರೆ ಅದರೊಳಗಿನ ಲೆಕ್ಕವನ್ನು ಬಳಸುವವರು ಕಡಿಮೆ. ಲೆಕ್ಕ ಇಷ್ಟೇ: ಹಂತಹಂತವಾಗಿ ನಡೆಯುವ ಯಾವ ಕೆಲಸದ ವೇಗವಾದರೂ ಒಂದು ಜಾಗದಲ್ಲಿ ನಿರ್ಧಾರವಾಗುತ್ತದೆ. ಮಿಕ್ಕ ಕಡೆ ಸುರಿಸಿದ ಬೆವರು ಬೆವರಾಗಿಯೇ ಉಳಿಯುತ್ತದೆ. ಆ ಜಾಗ ಹಿಡಿಯುವುದಕ್ಕೂ ಹಿಡಿದ ಮೇಲೆ ಏನು ಮಾಡಬೇಕು ಎಂಬುದಕ್ಕೂ ಕೆಲವು ಸೂತ್ರಗಳು ಇಲ್ಲಿವೆ.

1. ಸಿಕ್ಕಿದ್ದಕ್ಕೆಲ್ಲ ಆ ಹೆಸರು ಇಡಬೇಡಿ

ನೆಟ್ ಇಲ್ಲ, ದುಡ್ಡಿಲ್ಲ, ಮೇಲಿನವರಿಗೆ ಮನಸ್ಸಿಲ್ಲ. ಆಫೀಸುಗಳಲ್ಲಿ ಇವೆಲ್ಲಕ್ಕೂ ಬಾಟಲ್‌ನೆಕ್ ಎಂದೇ ಹೇಳುವ ಚಾಳಿ ಬಂದಿದೆ. ಪದಕ್ಕೆ ಅಷ್ಟು ಅಗಲ ಇಲ್ಲ. ಕೆಲಸ ಅಲ್ಲಿ ಹಾದುಹೋಗುತ್ತಿರಬೇಕು, ಆದರೆ ಉಳಿದೆಲ್ಲ ಹಂತಗಳಿಗಿಂತ ಕಡಿಮೆ ಹಾದುಹೋಗುತ್ತಿರಬೇಕು. ಪೂರ್ತಿ ನಿಂತೇ ಹೋಗಿದ್ದರೆ ಅದು ಬೇರೆ ಕಾಯಿಲೆ, ಮದ್ದೂ ಬೇರೆ.

ಸುಯೆಜ್ ಕಾಲುವೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಅಡ್ಡಡ್ಡ ಸಿಕ್ಕಿಕೊಂಡಿತು. ಆರು ದಿನ ನೂರಾರು ಹಡಗು ಎರಡೂ ಬದಿ ಲಂಗರು ಹಾಕಿ ಕಾದವು. ಮರಳು ತೋಡುವ ಯಂತ್ರ, ಎಳೆಯುವ ದೋಣಿ, ಜೊತೆಗೆ ಹುಣ್ಣಿಮೆಯ ಉಬ್ಬರ ಸೇರಿ ಅದನ್ನು ಬಿಡಿಸಿದವು. ಅದು ಅಡ್ಡಿ, ಎಳೆದು ಹಾಕಿದರೆ ಮುಗಿಯಿತು. ಹಡಗು ಸಿಕ್ಕದ ದಿನವೂ ಆ ಕಾಲುವೆ ಇಕ್ಕಟ್ಟೇ. ಹಡಗುಗಳು ಸಾಲುಗಟ್ಟಿ, ಸರದಿಯ ಪ್ರಕಾರವೇ ದಾಟಬೇಕು. ಅದು ಬಾಟಲ್‌ನೆಕ್. ಅದಕ್ಕಾಗಿಯೇ 2015ರಲ್ಲಿ 35 ಕಿಲೋಮೀಟರ್ ಉದ್ದದ ಜೋಡಿ ಕಾಲುವೆ ತೋಡಿದರು. ಎವರ್ ಗಿವನ್ ಸಿಕ್ಕಿಬಿದ್ದದ್ದು ಆ ಜೋಡಿ ದಾರಿ ಇಲ್ಲದ ದಕ್ಷಿಣದ ತುದಿಯಲ್ಲಿ.

ಇನ್ನೊಂದು ಮಾತು. ಹತ್ತು ಜನಕ್ಕೆ ಕಾಪಿ ಹಾಕಿದ ಇ-ಮೇಲಿನಲ್ಲಿ ‘ಇಂಥವರೇ ಬಾಟಲ್‌ನೆಕ್’ ಎಂದು ಬರೆಯಬೇಡಿ. ಹಂತದ ಹೆಸರು ಹೇಳಿ: ಟೆಸ್ಟಿಂಗ್, ಬಿಲ್ ಪಾಸಿಂಗ್, ಪ್ರೂಫ್ ನೋಡುವುದು. ಮನುಷ್ಯನ ಹೆಸರು ಹೇಳಿದ ತಕ್ಷಣ ಅವನು ಜಾಗ ಸರಿಮಾಡುವುದು ಬಿಟ್ಟು ತನ್ನನ್ನು ಸಮರ್ಥಿಸಿಕೊಳ್ಳಲು ಕೂರುತ್ತಾನೆ.

2. ಗದ್ದಲ ಇರುವ ಕಡೆ ಬಿಟ್ಟು, ರಾಶಿ ಬಿದ್ದಿರುವ ಕಡೆ ನೋಡಿ

ಬಾಟಲ್‌ನೆಕ್‌ಗೆ ಗುರುತು ಎರಡು. ಅದರ ಮುಂದೆ ಕೆಲಸ ಗುಡ್ಡೆ ಬಿದ್ದಿರುತ್ತದೆ, ಅದರ ನಂತರದವರು ಕೈಕಟ್ಟಿ ನಿಂತಿರುತ್ತಾರೆ. ಎರಡೂ ಸಿಕ್ಕರೆ ಅದೇ ಜಾಗ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ದರ್ಶಿನಿಗೆ ಹೋಗಿ ಪಕ್ಕದಲ್ಲಿ ನಿಂತು ನೋಡಿ. ಗದ್ದಲ ಎಲ್ಲ ಬಿಲ್ ಕೌಂಟರಿನಲ್ಲಿ. ಚಿಲ್ಲರೆ ಇಲ್ಲ, ಸ್ಕ್ಯಾನ್ ಆಗ್ತಿಲ್ಲ, ‘ಸಾರ್ ನಾನು ಮೊದಲು ಬಂದದ್ದು’. ಮಾಲೀಕರಿಗೂ ಕಾಣುವುದು ಅದೇ. ಇನ್ನೊಬ್ಬ ಹುಡುಗನನ್ನು ಬಿಲ್ಲಿಗೆ ಕೂರಿಸೋಣ ಎಂದು ಯೋಚಿಸುತ್ತಾರೆ. ಸ್ವಲ್ಪ ಒಳಗೆ ಕಣ್ಣು ಹಾಯಿಸಿ. ಇಡ್ಲಿ–ವಡೆ ಟೋಕನ್ ಹಿಡಿದವರು ತಟ್ಟೆ ಎತ್ತಿಕೊಂಡು ನಡೆಯುತ್ತಿದ್ದಾರೆ. ಮಸಾಲೆ ದೋಸೆ ಟೋಕನ್ ಹಿಡಿದವರು ಮಾತ್ರ ಕಟ್ಟೆಗೆ ಒರಗಿ ಕಾವಲಿಯನ್ನೇ ದಿಟ್ಟಿಸುತ್ತಿದ್ದಾರೆ.

ಲೆಕ್ಕ ಹಾಕೋಣ. ಕಾವಲಿ ಮೇಲೆ ಒಂದು ಸಲಕ್ಕೆ 12 ದೋಸೆ, ಒಂದು ಸುತ್ತಿಗೆ 4 ನಿಮಿಷ ಅಂದುಕೊಳ್ಳಿ. ಗಂಟೆಗೆ 180. ಬಿಲ್ಲಿನ ಹುಡುಗ 15 ಸೆಕೆಂಡಿಗೊಂದು ದೋಸೆ ಬಿಲ್ ಹರಿದರೆ ಗಂಟೆಗೆ 240. ಗಂಟೆಗೆ 60 ಜನ ಕಟ್ಟೆ ಹತ್ತಿರ ಹೆಚ್ಚುತ್ತಾ ಹೋಗುತ್ತಾರೆ. ಇನ್ನೊಂದು ಬಿಲ್ ಕೌಂಟರ್ ತೆರೆದರೆ ಬಾಗಿಲ ಸಾಲು ಕರಗುತ್ತದೆ. ಆ ಜನವೆಲ್ಲ ಕಾವಲಿ ಮುಂದೆ ಬಂದು ಸೇರುತ್ತಾರೆ, ಈಗ ದುಡ್ಡು ಕೊಟ್ಟಾಗಿರುವ ಕೋಪದ ಜೊತೆಗೆ. ದಿನದ ದೋಸೆ ಒಂದೂ ಹೆಚ್ಚಾಗಿರುವುದಿಲ್ಲ.

3. ಇರುವುದನ್ನು ಪೂರ್ತಿ ಹಿಂಡಿ, ಆಮೇಲೆ ಪರ್ಸಿಗೆ ಕೈ ಹಾಕಿ

ಬಾಟಲ್‌ನೆಕ್ ಸಿಕ್ಕಿದ ತಕ್ಷಣ ಎಲ್ಲರೂ ಕೇಳುವುದು ‘ಇನ್ನೊಂದು ತಗೊಳ್ಳೋಣವಾ?’ ಎಂದು. ಸ್ವಲ್ಪ ತಡೆಯಿರಿ. ಇರುವ ಕಾವಲಿ ಎಷ್ಟು ಹೊತ್ತು ಖಾಲಿ ಇರುತ್ತದೆ ನೋಡಿ. ದೋಸೆ ಭಟ್ಟರು ಹಿಟ್ಟು ತರಲು ಒಳಗೆ ಹೋಗಿ ಬರುವ ಎರಡು ನಿಮಿಷಕ್ಕೆ ಆರು ದೋಸೆ ಹೋಯಿತು. ಪಲ್ಯ ಮುಗಿದು ‘ಏ ಪಲ್ಯ ತಾರೋ’ ಎಂದು ಕೂಗುವಾಗ ಇನ್ನೆರಡು ಹೋಯಿತು. ತಟ್ಟೆಗೆ ಚಟ್ನಿ ಬಡಿಸುವುದೂ ಅವರೇ ಆದರೆ ಮುಗಿಯಿತು. ಹಿಟ್ಟು, ಪಲ್ಯ, ಬೆಣ್ಣೆ, ತಟ್ಟೆ ಎಲ್ಲ ಅವರ ಕೈಯಳತೆಗೆ ಬಂದು ಬೀಳುವಂತೆ ಒಬ್ಬ ಹುಡುಗನನ್ನು ನಿಲ್ಲಿಸಿ. ಭಟ್ಟರು ಹುಯ್ಯುವುದು, ಮಡಿಸುವುದು ಬಿಟ್ಟು ಬೇರೇನೂ ಮಾಡಬಾರದು.

ಇದೇ ವಿದ್ಯೆಯನ್ನು ಜಗತ್ತೇ ತಿರುಗಿ ನೋಡುವಂತೆ ಮಾಡಿ ತೋರಿಸಿದ್ದು ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ. ಸರ್ಕಾರಿ ಕೆಲಸದಿಂದ 58ಕ್ಕೆ ನಿವೃತ್ತರಾದ ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ ಅದನ್ನು ಶುರುಮಾಡಿದಾಗ ಇದ್ದದ್ದು 11 ಹಾಸಿಗೆ. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಕೈಯಲ್ಲೇ ಕಣ್ಣಿನ ಪೊರೆ ತೆಗೆಯುತ್ತಿದ್ದರು. ದೇಶದಲ್ಲಿ ಪೊರೆ ಬಂದು ಕುರುಡಾದವರು ಲಕ್ಷಗಟ್ಟಲೆ, ಕಣ್ಣಿನ ಸರ್ಜನ್‌ಗಳು ಬೆರಳೆಣಿಕೆ. ಹಾಗಾಗಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಸರ್ಜನ್‌ನ ನಿಮಿಷಗಳು. ವೆಂಕಟಸ್ವಾಮಿ ಆಪರೇಷನ್ ಥಿಯೇಟರಿನಲ್ಲಿ ಒಬ್ಬ ಸರ್ಜನ್‌ಗೆ ಎರಡು ಟೇಬಲ್ ಹಾಕಿದರು. ಒಂದರ ಮೇಲೆ ಆಪರೇಷನ್ ನಡೆಯುವಾಗ ಪಕ್ಕದಲ್ಲಿ ಮುಂದಿನ ರೋಗಿಗೆ ತಯಾರಿ ಆಗಿರುತ್ತದೆ. ಇದು ಮುಗಿದ ಕೂಡಲೇ ಸರ್ಜನ್ ಆ ಕಡೆ ತಿರುಗುತ್ತಾರೆ, ಮೈಕ್ರೋಸ್ಕೋಪೂ ಜೊತೆಗೇ ತಿರುಗುತ್ತದೆ. ಕಣ್ಣಿನ ಅಳತೆ, ಹನಿ ಹಾಕುವುದು, ರೋಗಿಗೆ ತಿಳಿಸಿ ಹೇಳುವುದು, ಪಟ್ಟಿ ಕಟ್ಟುವುದು, ಇವೆಲ್ಲ ಎರಡು ವರ್ಷ ತರಬೇತಿ ಪಡೆದ ಹಳ್ಳಿ ಹೆಣ್ಣುಮಕ್ಕಳ ಕೈಯಲ್ಲಿ. ಅಲ್ಲಿನ ಒಬ್ಬ ಸರ್ಜನ್ ವರ್ಷಕ್ಕೆ ಮಾಡುವ ಆಪರೇಷನ್ ದೇಶದ ಸರಾಸರಿಯ ಎಷ್ಟೋ ಪಟ್ಟು. ಯಾರೂ ಚಾಕುವನ್ನು ಬೇಗ ಆಡಿಸಲಿಲ್ಲ, ಡಾಕ್ಟರು ಸುಮ್ಮನೆ ನಿಲ್ಲುವ ಹೊತ್ತನ್ನು ತೆಗೆದರು, ಅಷ್ಟೇ.

ನಿಮ್ಮ ಕಚೇರಿಯಲ್ಲಿ ಅತಿ ಬೇಡಿಕೆಯ ಒಬ್ಬರು ಇರುತ್ತಾರೆ. ಡಿಸೈನರ್ ಇರಬಹುದು, ಅಕೌಂಟೆಂಟ್ ಇರಬಹುದು. ಅವರು ದಿನಕ್ಕೆ ಎಷ್ಟು ಗಂಟೆ ತಮ್ಮ ವಿದ್ಯೆ ಬೇಡದ ಕೆಲಸ ಮಾಡುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಪ್ರಿಂಟರಿನ ಹತ್ತಿರ ನಿಂತಿರುವುದೂ ಸೇರಿ.

4. ಉಳಿದವರು ಆಗಾಗ ಸುಮ್ಮನಿರಲಿ

ಹೇಳುವುದಕ್ಕೆ ಸುಲಭ, ಮಾಲೀಕರ ಹೊಟ್ಟೆ ಉರಿಸುವುದು ಇದೇ. ಬಾಟಲ್‌ನೆಕ್‌ಗಿಂತ ಹಿಂದಿನ ಹಂತದವರು ಪೂರ್ತಿ ವೇಗದಲ್ಲಿ ದುಡಿದರೆ ಏನಾಗುತ್ತದೆ? ರಾಶಿ ದೊಡ್ಡದಾಗುತ್ತದೆ. ಬೊಮ್ಮನಹಳ್ಳಿಯ ಯಾವುದಾದರೂ ಗಾರ್ಮೆಂಟ್ಸ್ ಲೈನನ್ನು ನೋಡಿ: ಕಾಲರ್ ಕೂರಿಸುವ ಮಷಿನ್ ಮುಂದೆ ಬಂಡಲ್ ಮೇಲೆ ಬಂಡಲ್ ಏರಿದ್ದರೆ, ತೋಳು ಹೊಲಿಯುವವರನ್ನು ‘ಬೇಗ ಬೇಗ’ ಎಂದು ಅವಸರಿಸಿ ಪ್ರಯೋಜನವೇನು? ಅವರಲ್ಲೊಬ್ಬರನ್ನು ಕಾಲರಿಗೆ ಕೂರಿಸಿದರೆ ಸಂಜೆಗೆ ಹೊರಬೀಳುವ ಶರ್ಟು ಹೆಚ್ಚಾಗುತ್ತದೆ.

ಇಸ್ರೇಲಿನ ಭೌತವಿಜ್ಞಾನಿ ಎಲಿಯಾಹು ಗೋಲ್ಡ್‌ರಾಟ್ ಇದನ್ನು ಕಾದಂಬರಿಯಲ್ಲಿ ಹೇಳಿದರು. ಜೆಫ್ ಕಾಕ್ಸ್ ಜೊತೆ ಬರೆದ ‘ದಿ ಗೋಲ್’ 1984ರಲ್ಲಿ ಬಂತು. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ನಿದ್ದೆ ಬರಿಸದ ಕೆಲವುಗಳಲ್ಲಿ ಇದೊಂದು ಎಂದು ನನ್ನ ಎಣಿಕೆ. ಅದರಲ್ಲಿ ಕಾರ್ಖಾನೆ ಮ್ಯಾನೇಜರ್ ಅಲೆಕ್ಸ್ ರೋಗೊ, ಮಗನ ಸ್ಕೌಟ್ ತಂಡವನ್ನು ಕಾಡುದಾರಿಯಲ್ಲಿ ನಡೆಸಿಕೊಂಡು ಹೊರಡುತ್ತಾನೆ. ಹರ್ಬಿ ಎಂಬ ಹುಡುಗ ನಿಧಾನ. ಮುಂದಿನವರು ಓಡುತ್ತಾರೆ, ಸಾಲು ಉದ್ದವಾಗುತ್ತದೆ, ಆದರೆ ಇಡೀ ತಂಡ ಶಿಬಿರ ಮುಟ್ಟುವ ಹೊತ್ತು ಮಾತ್ರ ಹರ್ಬಿಯ ಹೆಜ್ಜೆಯ ಮೇಲೆಯೇ ನಿಂತಿದೆ. ಅಲೆಕ್ಸ್ ಹರ್ಬಿಯನ್ನೇ ಸಾಲಿನ ಮುಂದಕ್ಕೆ ತರುತ್ತಾನೆ. ಆಮೇಲೆ ಅವನ ಬ್ಯಾಗು ಬಿಚ್ಚಿಸಿದರೆ ಸೋಡಾ ಕ್ಯಾನುಗಳಿಂದ ಹಿಡಿದು ಕಬ್ಬಿಣದ ಬಾಣಲೆವರೆಗೆ ಹೊರಬರುತ್ತದೆ. ಆ ಭಾರ ಎಲ್ಲರಿಗೂ ಹಂಚುತ್ತಾರೆ, ತಂಡದ ವೇಗ ಏರುತ್ತದೆ.

ನಿಧಾನದವನ ಹೆಜ್ಜೆಗೆ ಉಳಿದವರ ಹೆಜ್ಜೆ ಹೊಂದಿಸುವುದು, ಅವನ ಹೊರೆ ಹಂಚಿಕೊಳ್ಳುವುದು. ಎರಡೂ ಬೇಕು. ನಮ್ಮಲ್ಲಿ ಮೂರನೆಯದನ್ನು ಮಾಡುತ್ತೇವೆ: ಅವನನ್ನು ಬೈಯುವುದು.

5. ತಾರೀಖು ಹೇಳುವ ಮೊದಲು ಒಂದು ಭಾಗಾಕಾರ ಮಾಡಿ

ಮುಂದೆ ಎಂಐಟಿ ಸೇರಿದ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಐದನೇ ಕ್ಲಾಸಿನ ಲೆಕ್ಕದಷ್ಟು ಸುಲಭ. ಬಾಕಿ ಇರುವ ಕೆಲಸವನ್ನು ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿ. ಬಂದದ್ದು ಕಾಯಬೇಕಾದ ದಿನ.

ದೀಪಾವಳಿ ಹತ್ತಿರ ಬಂದಾಗ ಟೈಲರ್ ಅಂಗಡಿಯಲ್ಲಿ ‘ನಾಡಿದ್ದು ಬನ್ನಿ ಅಕ್ಕ’ ಎಂಬ ಮಾತು ಕೇಳಿರುತ್ತೀರಿ. ಕಪಾಟಿನಲ್ಲಿ 90 ಬ್ಲೌಸ್ ಪೀಸು ಚೀಟಿ ಸಿಕ್ಕಿಸಿಕೊಂಡು ಕೂತಿವೆ, ದಿನಕ್ಕೆ ಆರು ಕಟಿಂಗ್ ಆಗುತ್ತದೆ ಎಂದಾದರೆ ಉತ್ತರ 15 ದಿನ. ‘ನಾಡಿದ್ದು’ ಎಲ್ಲಿಂದ ಬಂತು? ಇನ್ನೂ ಒಳಗೆ ಹೋದರೆ, ಹೊಲಿಯುವವರು ಮೂವರಿದ್ದಾರೆ, ಹೆಮ್ಮಿಂಗ್ ಮತ್ತು ಹುಕ್ಸ್ ಹಾಕಲು ಅಕ್ಕಪಕ್ಕದ ಮನೆಯ ಹೆಂಗಸರಿದ್ದಾರೆ. ಕತ್ತರಿ ಹಿಡಿಯುವವರು ಮಾತ್ರ ಮಾಸ್ಟರ್ ಒಬ್ಬರೇ. ಅಳತೆ ತೆಗೆಯುವುದೂ ಅವರೇ, ಬಂದ ಗಿರಾಕಿಗೆ ಕುತ್ತಿಗೆ ಡಿಸೈನ್ ತೋರಿಸುವುದೂ ಅವರೇ, ಫೋನ್ ಎತ್ತಿ ‘ನಾಡಿದ್ದು’ ಎನ್ನುವುದೂ ಅವರೇ. ಅಳತೆಪುಸ್ತಕ ಮತ್ತು ಫೋನು ಇನ್ನೊಬ್ಬರ ಕೈಗೆ ಹೋದರೆ ಆರು ಎಂಟಾಗಬಹುದು. 15 ದಿನ ಹನ್ನೊಂದು ಚಿಲ್ಲರೆಗೆ ಇಳಿಯುತ್ತದೆ. ಇಲ್ಲವಾದರೆ ಪೀಸು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು. ‘ಹಬ್ಬದ ಆರ್ಡರ್ ಮುಗಿದಿದೆ’ ಎಂದು ಬೋರ್ಡ್ ಹಾಕುವ ಟೈಲರ್ ಗಿರಾಕಿ ಕಳೆದುಕೊಳ್ಳುತ್ತಾನೆ ಅಂದುಕೊಳ್ಳುತ್ತೇವೆ. ಹಬ್ಬದ ಬೆಳಿಗ್ಗೆ ಬ್ಲೌಸ್ ಕೊಡದವನು ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

6. ನೂರಕ್ಕೆ ನೂರು ಬಿಜಿ ಎಂದು ಬೀಗಬೇಡಿ

ಇದು ಮೂರನೆಯ ಸೂತ್ರಕ್ಕೆ ಉಲ್ಟಾ ಅನ್ನಿಸಬಹುದು, ಆದ್ದರಿಂದ ನಿಧಾನವಾಗಿ ಓದಿ. ಅರವಿಂದದಲ್ಲಿ ಯಾರು ಯಾವ ಸರದಿಗೆ ಎಂಬುದು ಮೊದಲೇ ಗೊತ್ತು, ಅದಕ್ಕೇ ಸರ್ಜನ್ ಬಿಡುವಿಲ್ಲದೆ ದುಡಿಯಬಹುದು. ಜನ ಯಾವಾಗೆಂದರೆ ಆವಾಗ ಬರುವ, ಒಬ್ಬೊಬ್ಬರಿಗೆ ಒಂದೊಂದಷ್ಟು ಹೊತ್ತು ಹಿಡಿಯುವ ಜಾಗದಲ್ಲಿ ಲೆಕ್ಕವೇ ಬೇರೆ. ಊರಿನ ಡಾಕ್ಟರ ಕ್ಲಿನಿಕ್ ಅಂಥದ್ದು. ಒಬ್ಬ ರೋಗಿಗೆ ಸರಾಸರಿ 10 ನಿಮಿಷ ಎನ್ನಿ. ಸಾಲುಗಳ ಗಣಿತದ ಸರಳ ಸೂತ್ರದ ಪ್ರಕಾರ ಡಾಕ್ಟರು ಶೇ 80ರಷ್ಟು ಹೊತ್ತು ಬಿಜಿ ಇದ್ದರೆ ಹೊರಗೆ ಕಾಯುವುದು ಸರಾಸರಿ 40 ನಿಮಿಷ. ಶೇ 90 ಆದರೆ ಒಂದೂವರೆ ಗಂಟೆ. ಶೇ 95ಕ್ಕೆ ಮೂರು ಗಂಟೆ ದಾಟುತ್ತದೆ. ಕೆಲಸ ಹೆಚ್ಚಿದ್ದು ಚೂರು, ಕಾಯುವುದು ಬೆಳೆದದ್ದು ಬೆಟ್ಟದಷ್ಟು.

ಕ್ಯಾಲೆಂಡರಿನಲ್ಲಿ ಒಂದೂ ಖಾಲಿ ಜಾಗ ಇಲ್ಲದ ಮ್ಯಾನೇಜರಿಗೆ ಫೋನ್ ಮಾಡಿ ನೋಡಿ. ಎರಡು ನಿಮಿಷದ ಮಾತಿಗೆ ಮೂರು ದಿನ ಹಿಡಿಯುವುದು ಯಾಕೆಂದು ತಿಳಿಯುತ್ತದೆ. ದಿಢೀರ್ ಬರುವ ಕೆಲಸ ಇರುವವರು ದಿನದ ಐದನೇ ಒಂದು ಭಾಗವನ್ನು ಬೇಕೆಂದೇ ಖಾಲಿ ಬಿಡಬೇಕು. ಅದನ್ನು ಸೋಮಾರಿತನ ಎನ್ನುವವರು ಅನ್ನಲಿ.

7. ಬಾಟಲ್‌ನೆಕ್ ನೀವೇ ಇರಬಹುದು

‘ಸಾರ್ ನೋಡ್ಲಿ ಅಂತ ಇಟ್ಟಿದೀನಿ.’ ‘ಅಣ್ಣ ಬರ್ಲಿ, ಕೇಳಿ ಹೇಳ್ತೀನಿ.’ ನಿಮ್ಮ ಅಂಗಡಿಯಲ್ಲೋ ಆಫೀಸಿನಲ್ಲೋ ಈ ಎರಡು ವಾಕ್ಯ ದಿನಕ್ಕೆ ಎಷ್ಟು ಸಲ ಕೇಳುತ್ತದೆ ಎಣಿಸಿ. ಎಲ್ಲ ಬಿಲ್ಲಿಗೂ ನಿಮ್ಮ ಸಹಿ, ಎಲ್ಲ ಪತ್ರಕ್ಕೂ ನಿಮ್ಮ ತಿದ್ದುಪಡಿ, ಗೋಡೆಯ ಬಣ್ಣಕ್ಕೂ ನಿಮ್ಮ ಒಪ್ಪಿಗೆ ಎಂದಾದರೆ ಊರಿಗೆ ಹೋದ ದಿನ ಇಡೀ ಅಂಗಡಿ ರಜೆ ಹಾಕಿದಂತೆಯೇ. ನಾನಿಲ್ಲದೆ ಇಲ್ಲೇನೂ ನಡೆಯಲ್ಲ ಎಂಬ ಮಾತನ್ನು ಹೆಮ್ಮೆಯಿಂದ ಹೇಳುವವರನ್ನು ನೋಡಿದ್ದೇನೆ. ಅದು ದೂರು ಎಂದು ಅವರಿಗೆ ಅನ್ನಿಸುವುದೇ ಇಲ್ಲ.

ಮದ್ದು ಸರಳ. ಇಷ್ಟು ರೂಪಾಯಿಯೊಳಗಿನ ಖರ್ಚಿಗೆ ಕೇಳಬೇಕಾಗಿಲ್ಲ ಎಂದು ಒಂದು ಮಿತಿ ಬರೆದು ಗೋಡೆಗೆ ಅಂಟಿಸಿ. ದಿನಕ್ಕೆ ಎರಡು ಹೊತ್ತು, ಇಂಥ ಗಂಟೆಗೇ, ಸಹಿ ಹಾಕುತ್ತೇನೆ ಎಂದು ಹೇಳಿಬಿಡಿ. ತಪ್ಪು ಒಂದೆರಡು ಆಗುತ್ತವೆ. ಆಗಲಿ.

8. ಕೊರತೆ ಇರುವುದನ್ನು ಮೊದಲು ತುಂಬಿ

ಯುಪಿಎಸ್‌ಸಿಗೆ ಓದುವ ಮಕ್ಕಳಿಗೆ ಇದು ಚೆನ್ನಾಗಿ ಅನ್ವಯಿಸುತ್ತದೆ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ ಸಿಸ್ಯಾಟ್‌ನಲ್ಲಿ ಶೇ 33 ಬಂದರೆ ಸಾಕು, ಅದು ರ‍್ಯಾಂಕಿಗೆ ಸೇರುವುದಿಲ್ಲ. ಬರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಇರಲಿ, ಅಲ್ಲಿಗೇ ಮುಗಿಯಿತು. ಮೇನ್ಸ್‌ನಲ್ಲಿ ಇಂಗ್ಲಿಷ್ ಮತ್ತು ಭಾರತೀಯ ಭಾಷೆಯ ಪತ್ರಿಕೆಗಳದ್ದೂ ಅದೇ ಕತೆ: 300ಕ್ಕೆ ಶೇ 25 ಬಾರದವರ ಉಳಿದ ಉತ್ತರಪತ್ರಿಕೆಗಳು ಲೆಕ್ಕಕ್ಕೇ ಬರುವುದಿಲ್ಲ. ಇತಿಹಾಸದಲ್ಲಿ ಗಟ್ಟಿ ಇರುವ ಹುಡುಗ ಇನ್ನೂ ನಾಲ್ಕು ಇತಿಹಾಸದ ಪುಸ್ತಕ ಓದುತ್ತಾ ಕೂರುತ್ತಾನೆ, ಯಾಕೆಂದರೆ ಅದು ಖುಷಿ ಕೊಡುತ್ತದೆ. ಶೇಕಡಾವಾರು ಲೆಕ್ಕಕ್ಕೆ ತಡಕಾಡುವುದು ಹಾಗೇ ಉಳಿಯುತ್ತದೆ.

ಹೊಲದಲ್ಲೂ ಹಾಗೆಯೇ. ಅತಿ ಕಡಿಮೆ ಇರುವ ಪೋಷಕಾಂಶವೇ ಬೆಳೆಯ ಮಿತಿ ಎಂಬ ನಿಯಮವನ್ನು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಹೇಳಿದರು, ಯುಸ್ಟುಸ್ ಫಾನ್ ಲೀಬಿಗ್ 19ನೇ ಶತಮಾನದ ಮಧ್ಯದಲ್ಲಿ ಅದನ್ನು ಊರಿಗೆಲ್ಲ ಸಾರಿದರು. ಭತ್ತದ ಗದ್ದೆಯಲ್ಲಿ ಸತುವಿನ ಕೊರತೆಯಿಂದ ಎಲೆ ಕಂದಿದ್ದರೆ ಯೂರಿಯಾ ಚೀಲದ ಮೇಲೆ ಚೀಲ ಸುರಿದರೂ ಪೈರು ಏಳುವುದಿಲ್ಲ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಬರೆದಿರುತ್ತದೆ, ಕಾರ್ಡು ಟ್ರಂಕಿನಲ್ಲಿರುತ್ತದೆ.

9. ಕಲ್ಲಿನಂಥ ಇಕ್ಕಟ್ಟಿದ್ದರೆ ಒಪ್ಪಿಕೊಂಡು ಲೆಕ್ಕ ಹಾಕಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲುದಾರಿ 55 ಕಿಲೋಮೀಟರ್, 57 ಸುರಂಗ, 50 ಮೀಟರಿಗೆ ಒಂದು ಮೀಟರಿನ ಏರು. ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಬೇಕು. ಹಾಸನದ ಕಡೆ ಎಷ್ಟು ರೈಲು ಓಡಿಸಬಹುದು, ಮಂಗಳೂರಿನ ಕಡೆ ಎಷ್ಟು ಓಡಿಸಬಹುದು ಎಂಬುದು ಮುಖ್ಯವಲ್ಲ. ಘಾಟಿ ಬಿಟ್ಟಷ್ಟೇ ರೈಲು.

ಕಂಪ್ಯೂಟರ್ ವಿಜ್ಞಾನಿ ಜೀನ್ ಆಮ್ಡಾಲ್ 1967ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಹತ್ತು ಗಂಟೆಯ ಕೆಲಸದಲ್ಲಿ ಒಂದು ಗಂಟೆಯಷ್ಟು ಭಾಗ ಹಂಚಲಾಗದ್ದು ಎಂದಾದರೆ ಸಾವಿರ ಪ್ರೊಸೆಸರ್ ಹಾಕಿದರೂ ಒಂದು ಗಂಟೆಗಿಂತ ಕೆಳಗೆ ಬರುವುದಿಲ್ಲ. ಅಂದರೆ ವೇಗ ಹತ್ತು ಪಟ್ಟು ದಾಟದು. ಮನೆ ಕಟ್ಟಿಸುವವರಿಗೆ ಈ ಸೂತ್ರ ಹೇಳಿಕೊಡಬೇಕಾಗಿಲ್ಲ. ಮೋಲ್ಡ್ ಹಾಕಿದ ಮೇಲೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ನೀರು ಕಟ್ಟಿ ಕ್ಯೂರಿಂಗ್ ಮಾಡಲೇಬೇಕು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಮೇಸ್ತ್ರಿ ಇನ್ನೂ ಎಂಟು ಆಳು ಕರೆದರೆ ಕಾಂಕ್ರೀಟು ಬೇಗ ಗಟ್ಟಿಯಾಗುವುದಿಲ್ಲ. ಆ 7 ದಿನದಲ್ಲಿ ಬೇರೆ ಏನು ಮುಗಿಸಬಹುದು ಎಂದು ಯೋಚಿಸಿದ ಮೇಸ್ತ್ರಿ ಜಾಣ.

10. ಅಗಲ ಮಾಡಿದರೆ ಸಾಲದು, ಎಲ್ಲಿಗೆ ಹೋಗಿ ಸೇರುತ್ತದೆ ನೋಡಿ

ಫ್ಲೈಓವರ್ ಇಳಿದ ತಕ್ಷಣ ಸಿಗುವ ಸಿಗ್ನಲ್ ಬಗ್ಗೆ ಬೆಂಗಳೂರಿನವರಿಗೆ ನಾನು ಹೊಸದಾಗಿ ಹೇಳಬೇಕೆ? ಜರ್ಮನಿಯ ಗಣಿತಜ್ಞ ಡೀಟ್ರಿಷ್ ಬ್ರೆಸ್ 1968ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು: ಹೊಸ ರಸ್ತೆಯೊಂದನ್ನು ಸೇರಿಸಿದ್ದರಿಂದಲೇ ಎಲ್ಲರ ಪ್ರಯಾಣ ಉದ್ದವಾಗಬಹುದು. ಪ್ರತಿಯೊಬ್ಬನೂ ತನಗೆ ಹತ್ತಿರ ಎಂದು ಹೊಸ ದಾರಿಗೆ ನುಗ್ಗಿ ಇಕ್ಕಟ್ಟಾದ ಎರಡು ಜಾಗಗಳನ್ನು ಇನ್ನೂ ಬಿಗಿ ಮಾಡುತ್ತಾನೆ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ಊರ ನಡುವಿನ ಎತ್ತರದ ಹೆದ್ದಾರಿಯನ್ನೇ ಕೆಡವಿ, ಅದರಡಿ ಹೂತಿದ್ದ ಚೊಂಗ್ಯೆಚೊನ್ ತೊರೆಯನ್ನು 2005ರ ಹೊತ್ತಿಗೆ ಹೊರತೆಗೆಯಿತು. ವಾಹನ ಸಂಚಾರ ಕುಸಿದುಬೀಳುತ್ತದೆ ಎಂದು ಹೆದರಿದ್ದು ನಿಜವಾಗಲಿಲ್ಲ.

11. ಒಂದು ಹೋದ ಕಡೆ ಇನ್ನೊಂದು ಹುಟ್ಟುತ್ತದೆ, ಹುಡುಕುತ್ತಿರಿ

ಅರವಿಂದದ ಕತೆ ಎರಡು ಟೇಬಲ್ಲಿಗೆ ನಿಲ್ಲಲಿಲ್ಲ. ಸರ್ಜನ್ ಸಮಯದ ಇಕ್ಕಟ್ಟು ಸಡಿಲವಾದ ಮೇಲೆ ಗೊತ್ತಾಯಿತು, ಪುಕ್ಕಟೆ ಆಪರೇಷನ್ ಎಂದರೂ ಹಳ್ಳಿಯವರು ಬರುತ್ತಿಲ್ಲ. ಕೇಳಿ ನೋಡಿದರೆ ಬಸ್ ಚಾರ್ಜು, ಊಟ, ಜೊತೆಗೆ ಬರುವವರ ಕೂಲಿ ನಷ್ಟ ಎಲ್ಲ ಸೇರಿ ಬಡವನಿಗೆ ಪುಕ್ಕಟೆಯೂ ದುಬಾರಿ. ಆಗ ಹಳ್ಳಿಯಲ್ಲೇ ಶಿಬಿರ ಮಾಡಿ, ಅಲ್ಲಿಂದಲೇ ಬಸ್ಸಿನಲ್ಲಿ ಕರೆತಂದು, ಊಟ ಹಾಕಿ, ವಾಪಸು ಬಿಟ್ಟು ಬರುವ ಏರ್ಪಾಟಾಯಿತು. ಜನ ಬಂದರು. ಈಗ ಕಣ್ಣಿನೊಳಗೆ ಕೂರಿಸುವ ಲೆನ್ಸ್ ಸಾಲದು. ಹೊರದೇಶದ ಲೆನ್ಸಿಗೆ ನೂರು ಡಾಲರ್ ಆಸುಪಾಸು. 1992ರಲ್ಲಿ ಅರೋಲ್ಯಾಬ್ ಎಂಬ ಘಟಕ ತೆರೆದು ಮದುರೆಯಲ್ಲೇ ಲೆನ್ಸ್ ಮಾಡತೊಡಗಿದರು, ಬೆಲೆ ಹತ್ತು ಡಾಲರಿಗೆ, ಆಮೇಲೆ ಇನ್ನೂ ಕೆಳಗೆ ಬಂತು.

ಹೋದ ವರ್ಷದ ಬಾಟಲ್‌ನೆಕ್‌ಗೆ ಮಾಡಿದ ನಿಯಮಗಳು ಈ ವರ್ಷವೂ ನಡೆಯುತ್ತಿವೆಯೇ ನೋಡಿ. ಪ್ರಿಂಟರ್ ಒಂದೇ ಇದ್ದ ಕಾಲದಲ್ಲಿ ‘ಪ್ರಿಂಟಿಗೆ ಮುಂಚೆ ಅನುಮತಿ ಪಡೆಯಿರಿ’ ಎಂದು ಹಾಕಿದ ಚೀಟಿ, ಆರು ಪ್ರಿಂಟರ್ ಬಂದ ಮೇಲೂ ಹಾಗೇ ಅಂಟಿಕೊಂಡಿರುತ್ತದೆ. ಹುಡುಕಿದರೆ ನಿಮ್ಮಲ್ಲೂ ಸಿಗುತ್ತದೆ.

12. ಬೇಕೆಂದೇ ಇಟ್ಟ ಇಕ್ಕಟ್ಟನ್ನು ಕೀಳಬೇಡಿ

ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಿದ್ದನ್ನು ಇನ್ನೊಬ್ಬರು ಪಾಸ್ ಮಾಡಬೇಕು. ನಿಧಾನ, ನಿಜ. ನಿಮ್ಮ ದುಡ್ಡು ಉಳಿದಿರುವುದೂ ಅದರಿಂದಲೇ. ಆಗುಂಬೆ ಘಾಟಿಯ ತಿರುವುಗಳಲ್ಲಿ ಭಾರಿ ಲಾರಿಗಳನ್ನು ಬಿಡದಿರುವುದು ಲಾರಿಯವರಿಗೆ ಸುತ್ತು, ಉಳಿದವರಿಗೆ ಜೀವ.

ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರದಲ್ಲಿ ಹೆದ್ದಾರಿಗೆ ಹತ್ತುವ ರ‍್ಯಾಂಪುಗಳಲ್ಲಿ ಪುಟ್ಟ ಸಿಗ್ನಲ್‌ಗಳಿವೆ. ಹಸಿರು ಬಂದಾಗ ಒಂದೊಂದೇ ಕಾರು ಹೋಗಬೇಕು. ಖಾಲಿ ಕಾಣುವ ಹೆದ್ದಾರಿಯನ್ನು ನೋಡುತ್ತಾ ರ‍್ಯಾಂಪಿನಲ್ಲಿ ಕಾಯುವುದೆಂದರೆ ಯಾರಿಗಾದರೂ ರೇಗುತ್ತದೆ. ಗಲಾಟೆ ಶಾಸನಸಭೆ ತನಕ ಹೋಯಿತು. 2000ನೇ ಇಸವಿಯ ಕೊನೆಯ ತಿಂಗಳುಗಳಲ್ಲಿ ಕೆಲವು ವಾರ ಎಲ್ಲ 433 ಸಿಗ್ನಲ್‌ಗಳನ್ನೂ ಆರಿಸಿ ಪರೀಕ್ಷೆ ಮಾಡಿದರು. ಹೆದ್ದಾರಿಯಲ್ಲಿ ದಾಟುವ ವಾಹನಗಳು ಶೇ 9ರಷ್ಟು ಇಳಿದವು, ಪ್ರಯಾಣದ ಹೊತ್ತು ಶೇ 22ರಷ್ಟು ಏರಿತು, ಅಪಘಾತ ಶೇ 26ರಷ್ಟು ಹೆಚ್ಚಿತು. ಸಿಗ್ನಲ್‌ಗಳನ್ನು ಮತ್ತೆ ಹತ್ತಿಸಿದರು. ಗಲಾಟೆ ಮಾಡಿದವರ ಮಾತಿನಲ್ಲೂ ಸ್ವಲ್ಪ ಹುರುಳಿತ್ತು. ಈ ಸಲ ರ‍್ಯಾಂಪಿನಲ್ಲಿ ಯಾರನ್ನೂ 4 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ ಎಂದು ಮಿತಿ ಹಾಕಿಕೊಂಡರು.